ಸೆಕಿರೋ ಮತ್ತು ಕಷ್ಟದ ಕಂದಾಚಾರ

‘ಸೆಕಿರೋ: ಶ್ಯಾಡೋಸ್ ಡೈ ಟ್ವೈಸ್’ ಎಂಬ ವಿಡಿಯೋ ಗೇಮ್ ಬಿಡುಗಡೆಯಾದದ್ದು 2019ರ ಮಾರ್ಚ್ 22ರಂದು. ಅಲ್ಲಿಂದೀಚೆಗೆ ಅದರ ಬಗ್ಗೆ ಬಂದ ವಿಮರ್ಶೆ, ಅಂಕಣ, ವಿಡಿಯೋ ಪ್ರಬಂಧಗಳನ್ನು ಒಟ್ಟಿಗೆ ಇಟ್ಟುಕೊಂಡು ಕೂತರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಹೊಗಳುವವರೂ ತೆಗಳುವವರೂ ಬಹುಮಟ್ಟಿಗೆ ಒಂದೇ ಮಾತು ಆಡುತ್ತಾರೆ: ಈ ಆಟ ವಿಪರೀತ ಕಷ್ಟ. ಕಷ್ಟ, ಆದ್ದರಿಂದ ಶ್ರೇಷ್ಠ ಎನ್ನುವುದು ಒಂದು ಗುಂಪು. ಕಷ್ಟ, ಆದ್ದರಿಂದ ಅನ್ಯಾಯ ಎನ್ನುವುದು ಇನ್ನೊಂದು. ಈ ಕಷ್ಟ ಏನನ್ನು ಹೇಳುತ್ತಿದೆ ಎಂದು ಕೇಳಿದವರು ಕಡಿಮೆ. ಒಂದು ಕಾದಂಬರಿಯ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದು, ಆ ಚರ್ಚೆಯೆಲ್ಲ ಅದರ ಪುಟಗಳ ಸಂಖ್ಯೆಯ ಸುತ್ತಲೇ ಗಿರಕಿ ಹೊಡೆದಿದ್ದರೆ ಅದನ್ನು ನಾವು ಸಾಹಿತ್ಯ ವಿಮರ್ಶೆ ಎಂದು ಕರೆಯುತ್ತಿದ್ದೆವೆ?

ನನ್ನ ತಕರಾರು ಎರಡೂ ಗುಂಪಿನ ಮೇಲಿದೆ. ಮೊದಲ ಗುಂಪಿನ ಮೇಲೆ ಸ್ವಲ್ಪ ಹೆಚ್ಚು. ಯಾಕೆಂದರೆ ಅವರು ಆಟವನ್ನು ಕಾಪಾಡುತ್ತಿದ್ದೇವೆ ಎಂದುಕೊಂಡು, ಆಟ ಹೇಳುವುದಕ್ಕೆ ತದ್ವಿರುದ್ಧವಾದ ಮಾತನ್ನು ಅದರ ಬಾಯಿಗೆ ತುರುಕಿದ್ದಾರೆ.

ಆಡದವರಿಗಾಗಿ ಸ್ವಲ್ಪ ವಿವರ. ಸೆಕಿರೋವನ್ನು ರೂಪಿಸಿದ್ದು ಟೋಕಿಯೋದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ. ನಿರ್ದೇಶಕ ಹಿಡೆಟಾಕಾ ಮಿಯಾಜಾಕಿ. ‘ಡೀಮನ್ಸ್ ಸೋಲ್ಸ್’ (2009), ‘ಡಾರ್ಕ್ ಸೋಲ್ಸ್’ (2011), ‘ಬ್ಲಡ್‌ಬೋರ್ನ್’ (2015) ಆಟಗಳ ಮೂಲಕ ‘ಕಷ್ಟದ ಆಟಗಳ ಒಡೆಯ’ ಎಂಬ ಹಣೆಪಟ್ಟಿ ಹೊತ್ತವರು. ಸೆಕಿರೋದ ಕತೆ ನಡೆಯುವುದು ಜಪಾನಿನ ಸೆಂಗೋಕು ಯುಗದ ಕೊನೆಯಲ್ಲಿ, ಅಶಿನಾ ಎಂಬ ಕಲ್ಪಿತ ಬೆಟ್ಟದ ಸೀಮೆಯಲ್ಲಿ. ಕುರೋ ಎಂಬ ಹುಡುಗನ ರಕ್ತದಲ್ಲಿ ಸಾವಿಲ್ಲದ ವರವಿದೆ. ಆ ವರಕ್ಕಾಗಿ ಅಳಿವಿನ ಅಂಚಿನಲ್ಲಿರುವ ಅಶಿನಾದವರು ಅವನನ್ನು ಸೆರೆ ಹಿಡಿದಿದ್ದಾರೆ. ಅವನನ್ನು ಕಾಯುವ ಒಂಟಿಗೈಯ ಶಿನೋಬಿಯೇ ನಾವು ಆಡುವ ಪಾತ್ರ. ಅವನ ಹೆಸರು ತೋಳ. ಕುರೋ ತನ್ನ ವರವನ್ನು ಅವನಿಗೂ ಹಂಚಿದ್ದಾನೆ. ಹಾಗಾಗಿ ಅವನು ಸತ್ತು ಬಿದ್ದಲ್ಲಿಂದಲೇ ಮತ್ತೆ ಏಳಬಲ್ಲ.

ಕಷ್ಟ ಎನ್ನುವುದು ಸುಳ್ಳಲ್ಲ. ಇದೇ ಸಂಸ್ಥೆಯ ಹಿಂದಿನ ಆಟಗಳಲ್ಲಿ ಒಬ್ಬ ಎದುರಾಳಿಯನ್ನು ಗೆಲ್ಲಲಾಗದಿದ್ದರೆ ಬೇರೆಡೆ ಅಲೆದಾಡಿ, ಸಣ್ಣಪುಟ್ಟ ಶತ್ರುಗಳನ್ನು ಕೊಂದು, ಬಲ ಕೂಡಿಸಿಕೊಂಡು ಬರಬಹುದಿತ್ತು. ಅಪರಿಚಿತ ಆಟಗಾರರನ್ನು ನೆರವಿಗೆ ಕರೆಯಬಹುದಿತ್ತು. ಸೆಕಿರೋದಲ್ಲಿ ಆ ಎರಡೂ ಬಾಗಿಲು ಮುಚ್ಚಿವೆ. ಹೊಡೆತದ ಬಲ ಹೆಚ್ಚಬೇಕಾದರೆ ದೊಡ್ಡ ಎದುರಾಳಿಗಳನ್ನೇ ಸೋಲಿಸಬೇಕು. ಜೊತೆಗೆ ‘ಪೋಶ್ಚರ್’ ಎಂಬ ಲೆಕ್ಕವಿದೆ. ಎದುರಾಳಿಯ ಜೀವ ಕರಗಿಸುವುದಕ್ಕಿಂತ ಅವನ ನಿಲುವನ್ನು ಕದಡುವುದು ಮುಖ್ಯ. ಅವನ ಕತ್ತಿ ತಾಗುವ ಕ್ಷಣಕ್ಕೆ ಸರಿಯಾಗಿ ನಮ್ಮ ಕತ್ತಿ ಒಡ್ಡಿದರೆ ಅವನು ಕದಲುತ್ತಾನೆ. ಹಿಂದೆ ಸರಿದು ಉಸಿರು ಬಿಟ್ಟರೆ ಅವನೂ ಚೇತರಿಸಿಕೊಳ್ಳುತ್ತಾನೆ. ಅಂದರೆ ಓಡುವಂತಿಲ್ಲ, ಕಾಯುವಂತಿಲ್ಲ, ಎದುರು ನಿಲ್ಲಬೇಕು. ಇಷ್ಟು ಕಟ್ಟುನಿಟ್ಟಿನ ಆಟ ಮಿಯಾಜಾಕಿಯವರ ಕೈಯಿಂದಲೂ ಅದಕ್ಕೆ ಮೊದಲು ಬಂದಿರಲಿಲ್ಲ.

ಸ್ವಾಗತವೇನೋ ಭರ್ಜರಿಯಾಗಿತ್ತು. ಮೆಟಾಕ್ರಿಟಿಕ್ ತಾಣದಲ್ಲಿ ವಿಮರ್ಶಕರ ಸರಾಸರಿ 90ರ ಆಸುಪಾಸು. ಆ ವರ್ಷದ ಡಿಸೆಂಬರಿನಲ್ಲಿ ಗೇಮ್ ಅವಾರ್ಡ್ಸ್‌ನ ‘ವರ್ಷದ ಆಟ’ ಪ್ರಶಸ್ತಿ. ಆದರೆ ಏಪ್ರಿಲ್ ಹೊತ್ತಿಗೇ ಜಗಳ ಶುರುವಾಗಿತ್ತು. ಫೋರ್ಬ್ಸ್‌ನಲ್ಲಿ ಬಂದ ಒಂದು ಬರಹ, ಆಟಗಾರರ ಮೇಲೆ ಗೌರವವಿದ್ದರೆ ಸುಲಭದ ಆಯ್ಕೆ ಕೊಡಬೇಕು ಎಂದಿತು. ಪಿಸಿ ಗೇಮರ್ ಪತ್ರಿಕೆಯ ಬರಹಗಾರರೊಬ್ಬರು ಆಟದ ವೇಗ ತಗ್ಗಿಸುವ ಮಾಡ್ ಬಳಸಿ ಕೊನೆಯ ಎದುರಾಳಿಯನ್ನು ಗೆದ್ದೆ, ನನಗೇನೂ ನಾಚಿಕೆಯಿಲ್ಲ ಎಂದು ಬರೆದರು. ಅದಕ್ಕೆ ಟ್ವಿಟರ್‌ನಲ್ಲಿ ಬಂದ ಒಂದು ಉತ್ತರ ಈಗಲೂ ನಗೆಪಾಟಲಿನ ವಸ್ತು: ನೀವು ಮೋಸ ಮಾಡಿದ್ದು ಆಟಕ್ಕಷ್ಟೇ ಅಲ್ಲ, ನಿಮಗೆ ನೀವೇ; ನೀವು ಬೆಳೆಯಲಿಲ್ಲ, ಏನನ್ನೂ ಗಳಿಸಲಿಲ್ಲ ಎಂಬ ಧಾಟಿಯ ಪ್ರವಚನ. ನಾವೆಲ್ಲ ಅದನ್ನು ಹಂಚಿಕೊಂಡು ನಕ್ಕೆವು. ಆದರೆ ಸಹಾಯ ತೆಗೆದುಕೊಂಡವನ ಗೆಲುವು ಗೆಲುವಲ್ಲ ಎಂಬ ಅದರ ತತ್ವವನ್ನು ಮಾತ್ರ ಬಹಳ ಜನ ನಗದೆ ಒಪ್ಪಿಕೊಂಡಿದ್ದಾರೆ. ‘ಗಾಡ್ ಆಫ್ ವಾರ್’ ನಿರ್ದೇಶಕ ಕೋರಿ ಬಾರ್ಲಾಗ್, ಹೆಚ್ಚು ಜನರಿಗೆ ಆಟ ಎಟುಕುವಂತೆ ಮಾಡುವುದು ತನ್ನ ಕಲಾದೃಷ್ಟಿಯೊಂದಿಗೆ ರಾಜಿಯಲ್ಲ ಎಂದು ಆಗಲೇ ಹೇಳಿದ್ದರು. ಅದು ಗದ್ದಲದಲ್ಲಿ ಕರಗಿತು.

ಈಗ ಆಟದೊಳಗೆ ಹೋಗಿ ನೋಡೋಣ. ಈ ಪ್ರವಚನದ ಭಾಷೆ ಮರ್ಯಾದೆಯ ಭಾಷೆ, ಸಮುರಾಯಿಯ ಭಾಷೆ. ಎದುರಾಬದುರು ನಿಂತು, ನೆರವಿಲ್ಲದೆ, ನ್ಯಾಯವಾಗಿ ಗೆಲ್ಲು. ಮೊದಲ ತೊಡಕು ಏನೆಂದರೆ ಈ ಆಟದ ನಾಯಕ ಸಮುರಾಯಿಯೇ ಅಲ್ಲ. ಅವನು ಶಿನೋಬಿ. ಕದ್ದು ನಡೆಯುವುದು, ಸೂರಿನ ಮೇಲಿಂದ ಹಾರಿ ಬೆನ್ನಿಗೆ ಇರಿಯುವುದು, ಪಟಾಕಿ ಸಿಡಿಸಿ ಕುದುರೆ ಬೆದರಿಸುವುದು, ಕಣ್ಣಿಗೆ ಬೂದಿ ಎರಚುವುದು ಅವನ ಕಸುಬು. ಮರದ ಕೈಯಲ್ಲಿ ಬೆಂಕಿ, ಕೊಡಲಿ, ಎಸೆಯುವ ಅಲಗು ಎಲ್ಲವೂ ಇವೆ. ಮೋಸವನ್ನೇ ವೃತ್ತಿ ಮಾಡಿಕೊಂಡವನ ಕತೆಯನ್ನು ಮುಂದಿಟ್ಟುಕೊಂಡು ಆಟಗಾರನಿಗೆ ‘ಮೋಸ ಮಾಡಿದೆ’ ಎಂದು ಬೈಯುವುದು ತಮಾಷೆಯಾಗಿದೆ. ಕೊನೆಯ ಎದುರಾಳಿ ಇಶ್ಶಿನ್‌ಗೆ ‘ಖಡ್ಗಸಂತ’ ಎಂಬ ಬಿರುದು. ಆ ಖಡ್ಗಸಂತನೇ ಕಾಳಗದ ನಡುವೆ ಈಟಿ ಎತ್ತಿಕೊಂಡು, ಪಿಸ್ತೂಲು ತೆಗೆದು ನಮ್ಮ ಎದೆಗೆ ಗುಂಡು ಹಾರಿಸುತ್ತಾನೆ. ಅಶಿನಾ ಪಂಥದ ತಿರುಳು ಗೆಲ್ಲುವುದು, ಚೆಂದವಾಗಿ ಗೆಲ್ಲುವುದಲ್ಲ.

ಇದು ಇತಿಹಾಸಕ್ಕೂ ಹತ್ತಿರವಾದ ಚಿತ್ರ. ಸೆಂಗೋಕು ಎಂದರೆ ಒಡೆಯನನ್ನು ಕೆಡವಿ ಆಳು ಒಡೆಯನಾದ, ರಾತ್ರಿದಾಳಿ ಮತ್ತು ಪಕ್ಷಾಂತರಗಳ ಕಾಲ. ಸಮುರಾಯಿ ಮರ್ಯಾದೆ ಎಂದು ನಾವು ಇಂದು ಅಂದುಕೊಳ್ಳುವ ನೀತಿಸಂಹಿತೆಯ ಬಹುಪಾಲು, ಯುದ್ಧ ಮುಗಿದ ನಂತರದ ಎಡೋ ಕಾಲದ ಶಾಂತಿಯಲ್ಲೂ, ಆಮೇಲೆ ಮೇಜಿ ಕಾಲದ ರಾಷ್ಟ್ರಕಲ್ಪನೆಯಲ್ಲೂ ಹದಗೊಂಡದ್ದು. ಅದನ್ನು ಜಗತ್ತಿಗೆ ಪರಿಚಯಿಸಿದ ನಿತೋಬೆ ಇನಾಜೋ ಅವರ ‘ಬುಶಿದೋ’ ಪುಸ್ತಕ 1900ರ ಸುಮಾರಿಗೆ ಪ್ರಕಟವಾಯಿತು. ಅದನ್ನು ಅವರು ಬರೆದದ್ದು ಇಂಗ್ಲಿಷಿನಲ್ಲಿ, ಪಶ್ಚಿಮದ ಓದುಗರನ್ನು ಎದುರಿಗಿಟ್ಟುಕೊಂಡು. ಅಮೆರಿಕದ ಆಟಗಾರನೊಬ್ಬ ಜಪಾನಿ ಆಟದ ಪರವಾಗಿ ಜಪಾನಿ ಮರ್ಯಾದೆಯ ಪಾಠ ಹೇಳುವಾಗ ಅವನು ಯಾವ ಕನ್ನಡಿಯಲ್ಲಿ ಯಾರ ಮುಖ ನೋಡುತ್ತಿದ್ದಾನೆ ಎಂದು ವಿಮರ್ಶಕರಾದರೂ ಕೇಳಬೇಕಿತ್ತು.

ಎರಡನೆಯ ತೊಡಕು ಇನ್ನೂ ಗಂಭೀರ. ಸುಲಭದ ಆಯ್ಕೆ ಬೇಡ ಎನ್ನುವವರ ಕೊನೆಯ ಅಸ್ತ್ರ ‘ಕರ್ತೃವಿನ ಆಶಯ’. ಮಿಯಾಜಾಕಿ ಹೀಗೆ ಬಯಸಿದ್ದಾರೆ, ಆದ್ದರಿಂದ ಹೀಗೇ ಇರಬೇಕು. ಸಾಹಿತ್ಯದ ತರಗತಿಯಲ್ಲಿ ಈ ವಾದ ಹೂಡಿದರೆ ಮೊದಲ ಸೆಮಿಸ್ಟರಿನ ವಿದ್ಯಾರ್ಥಿಯೂ ನಿಲ್ಲಿಸಿ ಪ್ರಶ್ನೆ ಕೇಳುತ್ತಾನೆ. ಅದಿರಲಿ, ಆಟವೇ ಈ ಬಗ್ಗೆ ಏನು ಹೇಳುತ್ತದೆ? ತೋಳನಿಗೆ ಸಾಕುತಂದೆ ಔಲ್ ಕಲಿಸಿದ ಶಿನೋಬಿ ಸಂಹಿತೆಯಲ್ಲಿ ಮೊದಲ ನಿಯಮ, ತಂದೆಯ ಮಾತೇ ಅಂತಿಮ. ಕತೆಯ ನಟ್ಟನಡುವೆ ಆ ತಂದೆ ಬಂದು ಕುರೋನನ್ನು ಕೈಬಿಡು ಎನ್ನುತ್ತಾನೆ. ಅಲ್ಲಿ ಆಯ್ಕೆ ನಮ್ಮದು. ಮಾತು ಕೇಳಿದರೆ ಆಟ ಅಲ್ಲಿಂದ ಬೇಗನೆ ಮುಗಿದುಹೋಗುತ್ತದೆ; ತೋಳ ಕೊಲೆಯಲ್ಲೇ ಸುಖ ಕಾಣುವ ‘ಶುರಾ’ ಆಗಿ, ತಂದೆಯನ್ನೂ ಬಿಡದೆ ಕೊಂದು, ನಾಡನ್ನು ಹೆಣದ ರಾಶಿ ಮಾಡುತ್ತಾನೆ. ಮಾತು ಮೀರಿದರೆ ಮಾತ್ರ ಕತೆ ಮುಂದುವರಿಯುತ್ತದೆ. ಕುರುಡು ವಿಧೇಯತೆ ಮನುಷ್ಯನನ್ನು ರಾಕ್ಷಸನನ್ನಾಗಿ ಮಾಡುತ್ತದೆ ಎಂದು ಇಷ್ಟು ಬಿಡಿಸಿ ಹೇಳುವ ಕೃತಿಯ ಹೆಸರಿನಲ್ಲಿ ಅಭಿಮಾನಿಗಳು ಕರ್ತೃವನ್ನೇ ಔಲ್‌ನ ಜಾಗದಲ್ಲಿ ಕೂರಿಸಿದ್ದಾರೆ. ಅಂದ ಹಾಗೆ ಆ ಸಂಹಿತೆಯ ಮೂರನೆಯ ನಿಯಮ ಹೇಳುವುದು, ಒಮ್ಮೆ ಸೋತರೆ ಅವಮಾನವಿಲ್ಲ, ಆದರೆ ಯಾವ ದಾರಿಯಿಂದಾದರೂ ಸೇಡು ತೀರಿಸಿಕೊಳ್ಳಬೇಕು ಎಂದು. ಯಾವ ದಾರಿಯಿಂದಾದರೂ!

ಮೂರನೆಯದು ‘ಡ್ರ್ಯಾಗನ್‌ರಾಟ್’. ತೋಳ ಮತ್ತೆ ಮತ್ತೆ ಸತ್ತು ಎದ್ದಂತೆಲ್ಲ ಅವನಿಗೆ ದಾರಿಯಲ್ಲಿ ಸಿಕ್ಕ, ಅವನೊಡನೆ ಮಾತಾಡಿದ ಜನ ಕೆಮ್ಮತೊಡಗುತ್ತಾರೆ. ಅವನು ಪಡೆದ ಪ್ರತಿ ಮರುಜೀವ ಇವರ ಆಯುಷ್ಯದಿಂದ ಕಡಿತವಾಗುತ್ತದೆ. ವಿಮರ್ಶೆಗಳಲ್ಲಿ ಇದರ ಪ್ರಸ್ತಾಪ ಬಂದದ್ದು ಬಹುತೇಕ ‘ಸೋತದ್ದಕ್ಕೆ ಇನ್ನೊಂದು ಶಿಕ್ಷೆ’ ಎಂಬ ತಲೆಬರಹದಡಿಯಲ್ಲಿ. ಆದರೆ ಯೋಚಿಸಿ. ವಿಡಿಯೋ ಗೇಮ್ ಎಂಬ ಕಲಾಪ್ರಕಾರವೇ ನಿಂತಿರುವುದು ಸತ್ತರೂ ಮತ್ತೆ ಶುರು ಮಾಡಬಹುದು ಎಂಬ ಒಪ್ಪಂದದ ಮೇಲೆ. ಸೆಕಿರೋ ಆ ಒಪ್ಪಂದವನ್ನೇ ಕತೆಯೊಳಕ್ಕೆ ಎಳೆದು ತಂದು, ಇದಕ್ಕೆ ಬೆಲೆ ತೆರುವವರು ಯಾರು ಎಂದು ಕೇಳುತ್ತದೆ. ಸಾವಿಲ್ಲದಿರುವುದು ಇಲ್ಲಿ ವರವಲ್ಲ, ಸೋಂಕು. ಹಾಳುಗುಡಿಯಲ್ಲಿ ಹಾನ್ಬೇ ಎಂಬ ಸಾಯಲಾಗದ ಯೋಧನಿದ್ದಾನೆ. ಅಭ್ಯಾಸಕ್ಕಾಗಿ ತನ್ನ ಮೈಯನ್ನೇ ನಮ್ಮ ಕತ್ತಿಗೆ ಒಡ್ಡುತ್ತಾನೆ. ಹೆಚ್ಚಿನವರಿಗೆ ಅವನು ಬರಿಯ ತಾಲೀಮಿನ ಗೊಂಬೆ. ಅವನಿಗೆ ಬೇಕಿರುವುದು ಒಂದು ಸಾವು ಎಂಬುದು ಮಾತಾಡಿಸಿದರೆ ಮಾತ್ರ ತಿಳಿಯುತ್ತದೆ. ಕುರೋ ಬಯಸುವುದೂ ಅದನ್ನೇ. ತನ್ನ ರಕ್ತದ ವರ ಕೊನೆಯಾಗಬೇಕು. ಹಾಗೆ ನೋಡಿದರೆ ನಾವು ನೂರು ಸಲ ಸತ್ತು ಎದ್ದು ಸಾಧಿಸಲು ಹೊರಟಿರುವುದು, ಹಾಗೆ ಸತ್ತು ಏಳುವ ಸೌಲಭ್ಯವನ್ನೇ ಇಲ್ಲವಾಗಿಸುವುದನ್ನು.

ಇಲ್ಲಿ ಕಷ್ಟಕ್ಕೆ ಅರ್ಥವಿದೆ. ನಾವು ಮೇಲಿಂದ ಮೇಲೆ ಸಾಯದಿದ್ದರೆ ಕೆಮ್ಮು ಹರಡುವುದಿಲ್ಲ, ಪ್ರಶ್ನೆ ನಮ್ಮನ್ನು ಮುಟ್ಟುವುದಿಲ್ಲ. ಇಲ್ಲಿಯೇ ಆಟದ ಒಂದು ಸೋಲನ್ನೂ ಹೇಳಬೇಕು. ಡ್ರ್ಯಾಗನ್‌ರಾಟ್ ಹುಟ್ಟಿಸುವ ಭಯಕ್ಕೆ ತಕ್ಕ ಪರಿಣಾಮ ಅದಕ್ಕಿಲ್ಲ. ಕಾಯಿಲೆ ಬಿದ್ದವರು ಸಾಯುವುದಿಲ್ಲ, ಅವರ ಕತೆ ನಿಂತಿರುತ್ತದೆಯಷ್ಟೆ. ಒಂದು ಹನಿ ರಕ್ತ ಖರ್ಚು ಮಾಡಿದರೆ ಎಲ್ಲರೂ ಒಟ್ಟಿಗೆ ಗುಣವಾಗುತ್ತಾರೆ. ತಾನೇ ಎತ್ತಿದ ದೊಡ್ಡ ಪ್ರಶ್ನೆಯ ಎದುರು ಆಟ ಹಿಂಜರಿಯುತ್ತದೆ. ಈ ಹಿಂಜರಿಕೆಯ ಬಗ್ಗೆ ಜಗಳವಾಗಬೇಕಿತ್ತು. ಆದದ್ದು ‘ನೀನು ಎಷ್ಟು ಸಲ ಸತ್ತೆ’ ಎಂಬ ಲೆಕ್ಕದ ಬಗ್ಗೆ.

ಕಾಳಗದ ಸ್ವರೂಪದ ಬಗ್ಗೆಯೂ ಇದೇ ಉಡಾಫೆ. ಚುರುಕು ಬೆರಳು ಬೇಕು, ಪ್ರತಿಕ್ರಿಯೆ ವೇಗವಾಗಿರಬೇಕು ಎಂದು ಬರೆದವರೇ ಹೆಚ್ಚು. ಆದರೆ ಸೆಕಿರೋದ ಕಾಳಗ ಕಣ್ಣಿನದಕ್ಕಿಂತ ಕಿವಿಯದು. ಸರಿಯಾಗಿ ಒಡ್ಡಿದ ಕತ್ತಿಯ ಸದ್ದು ಬೇರೆ, ತಡವಾದ ಕತ್ತಿಯ ಸದ್ದು ಬೇರೆ. ಪ್ರತಿ ಎದುರಾಳಿಗೂ ಒಂದು ತಾಳವಿದೆ. ಅದು ಕಿವಿಗೆ ಹತ್ತಿದ ಮೇಲೆ ಕೈ ತಾನಾಗಿ ಹಿಂಬಾಲಿಸುತ್ತದೆ. 2022ರಲ್ಲಿ ಗೇಮ್ಸ್ ಡನ್ ಕ್ವಿಕ್ ಎಂಬ ದತ್ತಿ ಕಾರ್ಯಕ್ರಮದಲ್ಲಿ ಮಿಚ್‌ರಿಜ್ ಎಂಬ ಹೆಸರಿನ ಆಟಗಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೆಕಿರೋ ಆಡಿ ಮುಗಿಸಿದರು. ಜನ ಅದನ್ನು ಪವಾಡವೆಂಬಂತೆ ನೋಡಿದರು. ನನಗೆ ಅದು ಆಟದ ಅತ್ಯುತ್ತಮ ವಿಮರ್ಶೆಯ ಹಾಗೆ ಕಂಡಿತು. ಅದರ ರೂಪ ಯಾವುದರ ಮೇಲೆ ನಿಂತಿದೆ ಎಂಬುದನ್ನು ಯಾವ ಅಂಕಣಕ್ಕಿಂತಲೂ ನಿಚ್ಚಳವಾಗಿ ಅದು ತೋರಿಸಿತು.

ಇನ್ನು ಸುಲಭದ ಆಯ್ಕೆಯ ಪ್ರಶ್ನೆ. ಎಲ್ಲ ಆಟಗಾರರೂ ಒಂದೇ ನೆಲೆಯಲ್ಲಿ ನಿಂತು ಮಾತಾಡುವಂತಿರಬೇಕು, ಒಂದೇ ಮಟ್ಟದ ಖುಷಿ ಪಡಬೇಕು, ಅದಕ್ಕಾಗಿ ಆಯ್ಕೆ ಕೊಡುವುದಿಲ್ಲ ಎನ್ನುವುದು ಸಂದರ್ಶನವೊಂದರಲ್ಲಿ ಮಿಯಾಜಾಕಿ ಕೊಟ್ಟ ಕಾರಣ. ಕೇಳಲು ಸಮಾನತೆಯ ಮಾತಿನಂತಿದೆ. ಆದರೆ ಆ ಒಂದೇ ನೆಲೆ ಎಲ್ಲಿದೆ? ನಾನು ಈ ಆಟವನ್ನು ಆಡಿದ್ದು ಹಾಸ್ಟೆಲಿನಲ್ಲಿ, ಗೆಳೆಯನ ಹಳೆಯ ಲ್ಯಾಪ್‌ಟಾಪಿನಲ್ಲಿ, ಕೀಬೋರ್ಡ್ ಕುಟ್ಟಿಕೊಂಡು. ಸೆಕೆಂಡಿಗೆ 60 ಫ್ರೇಮ್ ಓಡಬೇಕಾದ ಕಡೆ ಅದರ ಅರ್ಧವೂ ಓಡುತ್ತಿರಲಿಲ್ಲ. ಸೆಕೆಂಡಿನ ಸಣ್ಣ ಪಾಲಿನಲ್ಲಿ ಕತ್ತಿ ಒಡ್ಡಬೇಕಾದ ಆಟದಲ್ಲಿ ಇದು ಸಣ್ಣ ವಿಷಯವಲ್ಲ. ಒಳ್ಳೆಯ ಪರದೆ, ಒಳ್ಳೆಯ ಕಂಟ್ರೋಲರ್, ಬಿಡುವಾದ ಸಂಜೆಗಳು ಇರುವವನಿಗೂ ನನಗೂ ಆಟ ಒಂದೇ ಆಗಿರಲಿಲ್ಲ. ನನ್ನದು ದುಡ್ಡಿನ ತೊಂದರೆ, ಇವತ್ತಲ್ಲ ನಾಳೆ ಬಗೆಹರಿಯುತ್ತದೆ. ಕೈ ನಡುಗುವವರದು, ಬೆರಳಿಲ್ಲದವರದು, ಬಣ್ಣ ಗುರುತಿಸಲಾಗದವರದು ಹಾಗೆ ಬಗೆಹರಿಯುವುದಿಲ್ಲ. ಎಲ್ಲರಿಗೂ ಒಂದೇ ಎತ್ತರದ ಮೆಟ್ಟಿಲಿಟ್ಟು ಇದೇ ಸಮಾನತೆ ಎನ್ನುವ ವಾದವನ್ನು ನಾವು ಬೇರೆ ಯಾವ ಕಟ್ಟಡದ ವಿಷಯದಲ್ಲೂ ಒಪ್ಪುವುದಿಲ್ಲ.

ಅದಕ್ಕಿಂತ ಮೋಜಿನ ಸಂಗತಿ, ಸೆಕಿರೋದಲ್ಲಿ ಕಷ್ಟವನ್ನು ಹೊಂದಿಸಿಕೊಳ್ಳುವ ಆಯ್ಕೆಗಳು ಈಗಾಗಲೇ ಇವೆ. ದೇವಾಲಯದ ಬೆಟ್ಟದಲ್ಲೊಂದು ದೆವ್ವದ ಗಂಟೆಯಿದೆ. ಅದನ್ನು ಬಾರಿಸಿದರೆ ಶತ್ರುಗಳು ಬಲಗೊಳ್ಳುತ್ತಾರೆ, ಬದಲಿಗೆ ಹೆಚ್ಚು ಸಾಮಗ್ರಿ ಸಿಗುತ್ತದೆ. ಒಮ್ಮೆ ಮುಗಿಸಿ ಮತ್ತೆ ಶುರು ಮಾಡಿದಾಗ ಕುರೋ ಕೊಟ್ಟ ರಕ್ಷೆಯನ್ನು ಹಿಂತಿರುಗಿಸಬಹುದು. ಆಮೇಲೆ ಕತ್ತಿ ಸುಮ್ಮನೆ ಅಡ್ಡ ಹಿಡಿದರೂ ಮೈಗೆ ಪೆಟ್ಟು ತಾಗುತ್ತದೆ. ಅಂದರೆ ಕಷ್ಟ ಹೆಚ್ಚಿಸಿಕೊಂಡರೆ ಕೃತಿಯ ಸಮಗ್ರತೆಗೆ ಧಕ್ಕೆಯಿಲ್ಲ, ತಗ್ಗಿಸಿಕೊಂಡರೆ ಮಾತ್ರ ಮೈಲಿಗೆ! ಇದು ಕಲೆಯ ತತ್ವವಲ್ಲ, ಮಡಿ. ಒಂದೇ ದಿಕ್ಕಿಗೆ ತೆರೆಯುವ ಬಾಗಿಲನ್ನು ‘ಬಾಗಿಲೇ ಇಲ್ಲದ ಗೋಡೆ’ ಎಂದು ವಿಮರ್ಶಕರು ವರ್ಣಿಸುತ್ತ ಬಂದರು.

ವಿರೋಧಿಗಳ ವಾದದಲ್ಲಿ ಒಂದು ಗಟ್ಟಿ ಕಾಳು ಇದೆ, ಅದನ್ನು ತೂರಿಬಿಡಬಾರದು. ಎರಡೇ ಏಟಿಗೆ ಶತ್ರು ಸತ್ತರೆ ಆ ಕಾಳಗದ ತಾಳವನ್ನು ನಾವು ಕೇಳುವುದೇ ಇಲ್ಲ. ಆಗ ಆಡಿದ್ದು ಸೆಕಿರೋ ಆಗಿರುವುದಿಲ್ಲ. ಒಪ್ಪಿದೆ. ಆದರೆ ಇದು ಯಾವುದನ್ನು ಹೇಗೆ ತಗ್ಗಿಸಬೇಕು ಎಂಬ ಚರ್ಚೆಗೆ ಪೀಠಿಕೆ, ಏನನ್ನೂ ತಗ್ಗಿಸಕೂಡದು ಎಂಬುದಕ್ಕೆ ಪುರಾವೆಯಲ್ಲ. 2018ರ ‘ಸೆಲೆಸ್ಟ್’ ಕಷ್ಟಕ್ಕೆ ಹೆಸರಾದ ಆಟವೇ. ಅದರಲ್ಲಿ ಆಟದ ವೇಗವನ್ನು ಸ್ವಲ್ಪ ಸ್ವಲ್ಪವೇ ಇಳಿಸಿಕೊಳ್ಳಬಹುದು. ವಿಲಂಬದಲ್ಲಿ ಹಾಡಿದರೆ ರಾಗ ಕೆಡುವುದಿಲ್ಲವಷ್ಟೆ. 2020ರ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಅರವತ್ತಕ್ಕೂ ಹೆಚ್ಚು ಇಂಥ ಹೊಂದಾಣಿಕೆಗಳನ್ನು ಕೊಟ್ಟಿತು; ಅದರ ಕತೆಯ ಕ್ರೌರ್ಯ ಅದರಿಂದ ಎಳ್ಳಷ್ಟೂ ಮೆತ್ತಗಾಗಲಿಲ್ಲ. ಸೆಕಿರೋದಲ್ಲಿ ತಡೆಯಲಾಗದ ಹೊಡೆತ ಬರುವ ಮೊದಲು ‘ಅಪಾಯ’ ಎಂಬರ್ಥದ ಕೆಂಪು ಅಕ್ಷರವೊಂದು ಮೂಡುತ್ತದೆ. ಅದೂ ಒಂದು ನೆರವೇ. ಆ ನೆರವು ಕೃತಿಯ ಭಾಗವಾಗಬಹುದಾದರೆ ಇನ್ನೊಂದು ಯಾಕೆ ಆಗಬಾರದು?

ಈಗ ಎರಡನೆಯ ಗುಂಪಿನ ಸರದಿ. ಸುಲಭದ ಆಯ್ಕೆ ಕೇಳಿದ ಅನೇಕರು ಅದನ್ನು ಕೇಳಿದ್ದು ಗಿರಾಕಿಯ ಧಾಟಿಯಲ್ಲಿ. ದುಡ್ಡು ಕೊಟ್ಟಿದ್ದೇನೆ, ಪೂರ್ತಿ ನೋಡುವ ಹಕ್ಕಿದೆ ಎಂಬ ವರಸೆ. ಹಾಗೆ ಬರೆದಾಗ ವಿಮರ್ಶೆ ದೂರುಪತ್ರವಾಗುತ್ತದೆ, ಎದುರಿನವರಿಗೆ ‘ನಿಮಗೆ ಇದು ತಕ್ಕದ್ದಲ್ಲ, ಬೇರೆ ಕೊಳ್ಳಿ’ ಎಂದು ಹೇಳುವುದು ಸಲೀಸಾಗುತ್ತದೆ. ಕೇಳಬೇಕಾದದ್ದು ಗಿರಾಕಿಯಾಗಿ ಅಲ್ಲ, ಸಹೃದಯರಾಗಿ. ಸಾವು, ವಿಧೇಯತೆ, ಋಣಗಳ ಬಗ್ಗೆ ಇಷ್ಟು ಗಂಭೀರವಾದ ಮಾತಾಡುತ್ತಿರುವ ಕೃತಿಯ ಜೊತೆ ವಾದ ಮಾಡುವ ಅವಕಾಶ ಚುರುಕು ಬೆರಳಿದ್ದವರಿಗೆ ಮಾತ್ರ ಯಾಕೆ ಇರಬೇಕು? ಒಳಗೆ ಹೋಗಲಾಗದವರು ಕೃತಿಯನ್ನು ಹೊಗಳಲಾರರು, ಬೈಯಲೂ ಆರರು. ವಿಮರ್ಶೆಯ ಬಳಗ ಆಗ ಗೆದ್ದವರ ಕೂಟವಾಗಿ ಉಳಿಯುತ್ತದೆ. ಗೆದ್ದವರ ಕೂಟದಲ್ಲಿ ಗೆಲುವಿನ ಬಗ್ಗೆಯಲ್ಲದೆ ಬೇರೆ ಮಾತು ಹುಟ್ಟುವುದು ಕಷ್ಟ.

ನಮ್ಮ ಕಾವ್ಯಮೀಮಾಂಸೆಗೆ ಕಷ್ಟ ಹೊಸದಲ್ಲ. ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಕಾವ್ಯದ ಹದಗಳನ್ನು ವಿಂಗಡಿಸಿದವರು ನಾರಿಕೇಳಪಾಕವನ್ನು ಬೈಯಲಿಲ್ಲ, ಅದನ್ನೇ ಅತ್ಯುತ್ತಮವೆಂದು ಪೀಠಕ್ಕೂ ಏರಿಸಲಿಲ್ಲ. ಭಾರವಿಯ ‘ಕಿರಾತಾರ್ಜುನೀಯ’ಕ್ಕೆ ವ್ಯಾಖ್ಯಾನ ಬರೆದ ಮಲ್ಲಿನಾಥ, ಕವಿಯ ಮಾತನ್ನು ತೆಂಗಿನಕಾಯಿಗೆ ಹೋಲಿಸಿ, ಅದನ್ನು ಒಡೆದು ರಸಿಕರ ಕೈಗಿಡುವುದು ತನ್ನ ಕೆಲಸ ಎಂದುಕೊಂಡ. ಅವನು ಭಾರವಿಗೆ ದ್ರೋಹ ಮಾಡಿದ ಎಂದು ಯಾರೂ ಹೇಳಲಿಲ್ಲ. ಅವನ ವ್ಯಾಖ್ಯಾನ ಹಿಡಿದು ಓದಿದವನನ್ನು ‘ನೀನು ನಿನಗೇ ಮೋಸ ಮಾಡಿಕೊಂಡೆ’ ಎಂದು ಯಾರೂ ಹೀಯಾಳಿಸಲಿಲ್ಲ. ನಮ್ಮಲ್ಲಿ ಪಂಪನನ್ನು ಗದ್ಯಾನುವಾದದ ನೆರವಿಲ್ಲದೆ ಮೊದಲ ಸಲಕ್ಕೇ ಓದಿದವರು ಎಷ್ಟು ಜನ ಇದ್ದೇವೆ? ಚಿಪ್ಪು ಒಡೆಯಲು ಸುತ್ತಿಗೆ ಕೊಟ್ಟರೆ ಕಾಯಿಯ ರುಚಿ ಕೆಡುವುದಿಲ್ಲ.

ಈ ಜಗಳ 2019ಕ್ಕೇ ಮುಗಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2024ರ ಜೂನಿನಲ್ಲಿ ಇದೇ ಸಂಸ್ಥೆಯ ‘ಎಲ್ಡನ್ ರಿಂಗ್’ಗೆ ‘ಶ್ಯಾಡೋ ಆಫ್ ದ ಎರ್ಡ್‌ಟ್ರೀ’ ಎಂಬ ಮುಂದುವರಿಕೆ ಬಂದಾಗ ಅದೇ ರಂಪ ಮತ್ತೆ ನಡೆಯಿತು. ಕೆಲವೇ ದಿನಗಳಲ್ಲಿ ಸಂಸ್ಥೆಯೇ ಒಂದು ಅಪ್‌ಡೇಟ್ ತಂದು ಆಟಗಾರರ ಬಲವನ್ನು ಆರಂಭದಲ್ಲೇ ಸ್ವಲ್ಪ ಹೆಚ್ಚಿಸಿತು. ಕಲ್ಲಿನ ಮೇಲೆ ಕೆತ್ತಿದ್ದು ಎಂದುಕೊಂಡಿದ್ದ ಆಶಯ ಒಂದು ವಾರಕ್ಕೇ ಕದಲಿತು, ಆಕಾಶವೇನೂ ಬೀಳಲಿಲ್ಲ. ಅದೇ ವರ್ಷದ ಸಂದರ್ಶನವೊಂದರಲ್ಲಿ ಮಿಯಾಜಾಕಿ, ತಾನು ಆಟವಾಡುವುದರಲ್ಲಿ ತೀರಾ ಹಿಂದೆ, ಸಿಕ್ಕ ನೆರವನ್ನೆಲ್ಲ ಬಳಸಿಯೇ ಆಡುತ್ತೇನೆ ಎಂದರು. ಭಕ್ತರ ಕಂದಾಚಾರ ದೇವರಿಗೇ ಇಲ್ಲ.

ಕನ್ನಡದಲ್ಲಿ ಆಟಗಳ ಬಗ್ಗೆ ಗಂಭೀರವಾಗಿ ಬರೆಯುವುದು ಈಗಷ್ಟೇ ಶುರುವಾಗುತ್ತಿದೆ. ಆಡುವ ಹುಡುಗ ಹುಡುಗಿಯರಂತೂ ಬೇಕಾದಷ್ಟಿದ್ದಾರೆ, ಅವರಲ್ಲಿ ಸಾಹಿತ್ಯ ಓದುವವರೂ ಇದ್ದಾರೆ. ಇಂಗ್ಲಿಷ್ ತಾಣಗಳ ಈ ಹಳಸಿದ ಜಗಳವನ್ನು ಭಾಷಾಂತರಿಸಿ ಇಟ್ಟುಕೊಂಡರೆ ನಮ್ಮ ಬರವಣಿಗೆ ಹುಟ್ಟುವಾಗಲೇ ಮುದಿಯಾಗಿರುತ್ತದೆ. ಒಂದು ಆಟ ಕಷ್ಟ ಅನ್ನಿಸಿದರೆ ಹಾಗೆಂದು ಬರೆಯಿರಿ, ತಪ್ಪಿಲ್ಲ. ಅದಾದ ಮೇಲೆ ಆ ಕಷ್ಟ ಎಲ್ಲಿಂದ ಬಂತು, ಕತೆಗೂ ಅದಕ್ಕೂ ಏನು ಸಂಬಂಧ, ಅದು ಯಾರನ್ನು ಹೊರಗಿಟ್ಟಿತು, ಹೊರಗಿಟ್ಟದ್ದರಿಂದ ಕೃತಿಗೆ ನಿಜಕ್ಕೂ ಏನು ದಕ್ಕಿತು ಎಂದು ಕೇಳಿ ಬರೆಯಿರಿ. ನೀವು ಎಷ್ಟು ಸಲ ಸತ್ತಿರಿ ಎಂಬ ಲೆಕ್ಕ ಮಾತ್ರ ನಮಗೆ ಬೇಡ.